ಹದ ಕಾಯುವ ನಂಬಿಕೆ

ದೇವರಲ್ಲಿ ಭರವಸವಿಟ್ಟವನು ಕಷ್ಟಕಾಲದಲ್ಲಿ ಸುಮ್ಮನೆ ಕಾದಿರಬೇಕೋ, ಕೈಲಾದದ್ದನ್ನು ಮಾಡಬೇಕೋ? ಕೆಲಸಕ್ಕೆ ಕೈಹಚ್ಚಿದರೆ ನಂಬಿಕೆ ಕುಂದಿತೆಂದು ಕೆಲವರೂ, ಕಾದರೆ ಅದು ಸೋಮಾರಿತನವೆಂದು ಕೆಲವರೂ ಹೇಳುವದುಂಟು.

2020ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಫಜಲಪುರ, ಜೇವರ್ಗಿ ಸೀಮೆಯ ಭೀಮಾತೀರದವರಿಗೆ ಈ ಪ್ರಶ್ನೆಯು ಮನೆಬಾಗಲಿಗೇ ಬಂತು. ಅತಿವೃಷ್ಟಿಯ ಸಂಗಡ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಕೂಡಿ ನದಿಯು ದಡ ಮೀರಿತು. ತೊಗರಿಯ ಹೊಲಗಳು ಮುಳುಗಿದವು. ಅನೇಕರು ಮನೆ ಬಿಟ್ಟು ಕಾಳಜಿ ಕೇಂದ್ರಗಳನ್ನು ಸೇರಬೇಕಾಯಿತು. ಆ ದಿನ ಮಕ್ಕಳನ್ನೂ ದನಗಳನ್ನೂ ಎತ್ತರದ ಸ್ಥಳಕ್ಕೆ ಒಯ್ದವನು ಅವಿಶ್ವಾಸಿಯಲ್ಲ. ನಡೆಯುವ ಕಾಲುಗಳನ್ನು ಕೊಟ್ಟಾತನೂ ದೇವರೇ.

ಆದರೆ ಹೆಚ್ಚು ಕಠಿಣವಾದ ಪರೀಕ್ಷೆಯು ನೀರಿಳಿದ ಮೇಲೆ ಬರುತ್ತದೆ. ಸಾಲವು ನಿಂತಿರುತ್ತದೆ, ಬಿಳಿಜೋಳ ಬಿತ್ತುವ ಕಾಲವು ಜಾರುತ್ತಿರುತ್ತದೆ. ಇಂದೇ ಕೂರಿಗೆ ಹೂಡೆಂದು ಮನಸ್ಸು ಅವಸರಪಡಿಸುತ್ತದೆ. ಕೊಳಕೂರದ ರೈತನಿಗೆ ಎರೆಭೂಮಿಯ ಗುಣವನ್ನು ನಾವು ಕಲಿಸಬೇಕಾಗಿಲ್ಲ. ಹಸಿ ಆರುವದಕ್ಕೆ ಮುಂಚೆ ಹೊಕ್ಕರೆ ಮಣ್ಣು ಮೆತ್ತಿಕೊಂಡು ಹೆಂಟೆಯಾಗುತ್ತದೆ. ತೀರ ತಡಮಾಡಿದರೆ ನೆಲ ಬಿರಿದು ತೇವ ಹೋಗುತ್ತದೆ. ಇವೆರಡರ ನಡುವೆ ಹದವಿದೆ. ಆ ಹದವನ್ನು ತರುವದು ನಮ್ಮ ಕೈಯಲ್ಲಿಲ್ಲ. ಆದಾಗ್ಯೂ ದಿನವೂ ಹೊಲಕ್ಕೆ ಹೋಗಿ ಮಣ್ಣನ್ನು ಮುಟ್ಟಿ ನೋಡದವನಿಗೆ ಅದು ಬಂದದ್ದೇ ತಿಳಿಯದು. ಹದ ಕಾಯುವವನು ಬೀಜವನ್ನು ಹಸನು ಮಾಡುತ್ತಾನೆ, ಕೂರಿಗೆಯನ್ನು ಸರಿಪಡಿಸುತ್ತಾನೆ, ನೆರೆಯವನ ಬಿದ್ದ ಗೋಡೆಗೆ ಕೈಗೂಡಿಸುತ್ತಾನೆ.

ದೇವರಲ್ಲಿ ತಾಳ್ಮೆಯೆಂಬುದೂ ಇಂಥದೇ. ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಮುಂಗಾರು ಹಿಂಗಾರುಗಳನ್ನು ಕಾಯುವ ಬೇಸಾಯಗಾರನನ್ನೇ ನಮಗೆ ಮಾದರಿಯಾಗಿ ತೋರಿಸಿದ್ದಾನೆ. ನಮ್ಮ ಪಾಲಿನದನ್ನು ಮಾಡುವದು ವಿಧೇಯತೆ; ದೇವರ ಪಾಲಿನದನ್ನು ಕಸಿದುಕೊಳ್ಳದಿರುವದು ಭರವಸ.

ಕಾಯುವಾಗ ಕಣ್ಣೀರು ಬಂದರೆ ನಾಚಬೇಡಿರಿ. 13ನೆಯ ಕೀರ್ತನೆಯು ದೂರಿನಿಂದ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತದೆ. ದೂರನ್ನು ದೇವರ ಮುಂದೆಯೇ ಇಟ್ಟದ್ದು ನಂಬಿಕೆಯಲ್ಲವೇ?

ಬಿತ್ತಿದ್ದೆಲ್ಲಾ ಬೆಳೆದೀತೆಂದು ನಾವು ಹೇಳಲಾರೆವು. ಕಣಜ ತುಂಬದ ವರುಷಗಳೂ ಉಂಟು. ನಮ್ಮ ಭರವಸವು ಬೆಳೆಯ ಮೇಲಿದ್ದರೆ ಬೆಳೆಯೊಂದಿಗೇ ಕೊಚ್ಚಿಹೋಗುವದು. ಕರ್ತನ ಮೇಲಿದ್ದರೆ ಬರಿದಾದ ಕಣದಲ್ಲಿಯೂ ನಿಲ್ಲುವದು. ಆದಕಾರಣ ಪ್ರಿಯರೇ, ಈ ಸಂಜೆ ಮಾಡಬೇಕಾದ ಕೆಲಸವನ್ನು ಮಾಡಿ, ಪ್ರಾರ್ಥಿಸಿ, ನಿಶ್ಚಿಂತೆಯಿಂದ ಮಲಗಿರಿ. ನಾಳೆ ಮುಂಜಾನೆ ಎದ್ದು ಮಣ್ಣನ್ನು ಮತ್ತೆ ಮುಟ್ಟಿ ನೋಡಿರಿ.