ಮಣ್ಣೆತ್ತು ಮತ್ತು ರಟ್ಟಿನ ಪಿಯಾನೊ

ಕೈಯಾರೆ ಮಾಡಿದ ಆಟಿಕೆಗೆ ಜೀವ ಎಲ್ಲಿಂದ ಬರುತ್ತದೆ? 2018ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ‘ಲಾಬೊ’ ಆಟಿಕೆಯಲ್ಲಿ ಮಕ್ಕಳು ರಟ್ಟು ಮಡಚಿ ಪಿಯಾನೊ, ಗಾಳದ ಕೋಲು ಮಾಡಿ ಸ್ವಿಚ್ ಗೇಮ್ ಯಂತ್ರಕ್ಕೆ ಜೋಡಿಸುತ್ತಿದ್ದರು. ಪಿಯಾನೊದ ಮನೆ ಒತ್ತಿದರೆ ಅದರ ಹಿಂದಿನ ಹೊಳೆಯುವ ಪಟ್ಟಿಯನ್ನು ಇನ್‌ಫ್ರಾರೆಡ್ ಕ್ಯಾಮೆರಾ ಗುರುತಿಸುತ್ತದೆ, ಯಂತ್ರ ಸ್ವರ ಹೊರಡಿಸುತ್ತದೆ. ‘ಇದಾದರೆ ಅದಾಗಲಿ’ ಎಂಬ ಕಟ್ಟಳೆಗಳನ್ನು ಮಕ್ಕಳೇ ಪ್ರೋಗ್ರಾಂ ಮಾಡಬಹುದಿತ್ತು. ಇಲ್ಲಿ ಜೀವವೆಂದರೆ ಕಾರಣಕ್ಕೆ ತಕ್ಕ ಕಾರ್ಯ, ಅಷ್ಟೆ.

ಮಣ್ಣೆತ್ತಿನ ಮಾತೇ ಬೇರೆ. ತುಂಗಭದ್ರೆಯ ದಂಡೆಯ ಮುಂಡರಗಿ ಸೀಮೆಯಲ್ಲಿ, ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಅವು ಅಲುಗುವುದಿಲ್ಲ, ಸದ್ದು ಮಾಡುವುದೂ ಇಲ್ಲ. ಆದರೂ ಕೈಮುಗಿದವರಿಗೆ ಅವು ಬಸವಣ್ಣನೇ. ಹಾಗೆಂದು ಯಾರೂ ಮಣ್ಣನ್ನು ಮರೆತಿರುವುದಿಲ್ಲ. ಪೂಜೆಯ ನಂತರ ಅದು ನೀರಿಗೆ ಸೇರುತ್ತದೆ. ಚಲನೆಯಿಂದಲೇ ಚೈತನ್ಯವನ್ನು ಅಳೆಯುವ ತರ್ಕಕ್ಕೆ ರಟ್ಟಿನ ಪಿಯಾನೊ ಸಿಗುತ್ತದೆ, ಮಣ್ಣೆತ್ತು ಸಿಗುವುದಿಲ್ಲ.