ರೆಫರಿ ನೋಡದ ಕೈ

ಜರ್ಮನಿಯ ಪರ 137 ಪಂದ್ಯ, 71 ಗೋಲು. ನಾಲ್ಕು ವಿಶ್ವಕಪ್‌ಗಳಲ್ಲಿ 16 ಗೋಲು. ಮಿರೊಸ್ಲಾವ್ ಕ್ಲೋಸನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಅಂಕಿಗಳಿಂದಲೇ ಶುರುಮಾಡುತ್ತಾರೆ. ನನ್ನನ್ನು ಕಾಡುವುದು ಅವನ ಲೆಕ್ಕಕ್ಕೆ ಸೇರದೆ ಹೋದ ಒಂದು ಗೋಲು.

2012ರ ಸೆಪ್ಟೆಂಬರ್ 26, ನೇಪಲ್ಸ್. ಕ್ಲೋಸ ಆಗ ಇಟಲಿಯ ಲಾಜಿಯೊ ಕ್ಲಬ್ಬಿನಲ್ಲಿದ್ದ. ಆಟ ಶುರುವಾಗಿ ಕೆಲವೇ ನಿಮಿಷ. ಕಾರ್ನರ್‌ನಿಂದ ಬಂದ ಚೆಂಡು ಅವನ ಕೈಗೆ ತಗುಲಿ ಬಲೆ ಸೇರಿತು. ರೆಫರಿ ಗೋಲು ಕೊಟ್ಟ. ನಾಪೊಲಿಯವರು ಪ್ರತಿಭಟಿಸಿದರು. ಕ್ಲೋಸ ತಾನೇ ರೆಫರಿಗೆ ನಿಜ ಹೇಳಿದ. ಗೋಲು ರದ್ದಾಯಿತು. ಲಾಜಿಯೊ ಆ ಪಂದ್ಯವನ್ನು 3-0ರಿಂದ ಸೋತಿತು.

ಹೇಳಲೇಬೇಕಿತ್ತೇ? ತೀರ್ಪು ಕೊಡುವುದು ರೆಫರಿಯ ಕೆಲಸ, ಅವನ ತಪ್ಪು ಇವತ್ತು ನಮಗೆ ಲಾಭ, ನಾಳೆ ಎದುರಾಳಿಗೆ. ಆಟಗಾರನ ನಿಷ್ಠೆ ತನ್ನ ತಂಡಕ್ಕೆ. ಈ ವಾದ ಅಷ್ಟು ಹಗುರವಾದದ್ದಲ್ಲ. ಕ್ಲೋಸ ಬಿಟ್ಟುಕೊಟ್ಟದ್ದು ತನ್ನೊಬ್ಬನ ಗೋಲನ್ನಲ್ಲ, ಹನ್ನೊಂದು ಜನರದ್ದನ್ನು. ಆದರೆ ದಾರಿಯಲ್ಲಿ ಸಿಕ್ಕ ಪರ್ಸನ್ನು ಹಿಂದಿರುಗಿಸಲು ಮನೆಮಂದಿಯ ಒಪ್ಪಿಗೆ ಕೇಳುತ್ತೇವೆಯೇ? ಆ ಗೋಲು ಅವರದ್ದಾಗಿದ್ದರೆ ತಾನೆ ಬಿಟ್ಟುಕೊಡುವ ಮಾತು!

ಇದರ ಪಕ್ಕದಲ್ಲಿ ಥಿಯರಿ ಹೆನ್ರಿಯನ್ನು ಇಟ್ಟು ನೋಡುತ್ತೇನೆ. ಫ್ರಾನ್ಸ್ ಪರ 51 ಗೋಲು ಹೊಡೆದವನು. 2009ರ ನವೆಂಬರ್‌ನಲ್ಲಿ, ಪ್ಯಾರಿಸ್ಸಿನ ಅರ್ಹತಾ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಚೆಂಡನ್ನು ಕೈಯಲ್ಲಿ ತಡೆದು ಗಲ್ಲಾಸ್‌ಗೆ ಒದಗಿಸಿದ. ಗೋಲಾಯಿತು, ಐರ್ಲೆಂಡ್ ವಿಶ್ವಕಪ್‌ನಿಂದ ಹೊರಬಿತ್ತು. ಪಂದ್ಯ ಮುಗಿದ ಮೇಲೆ ಹೆನ್ರಿ ಏನನ್ನೂ ಮುಚ್ಚಿಡಲಿಲ್ಲ. ಮರುಪಂದ್ಯವೇ ನ್ಯಾಯ ಎಂದೂ ಹೇಳಿದ. ಅವನನ್ನು ಸುಳ್ಳುಗಾರ ಅನ್ನಲು ನನ್ನಿಂದಾಗದು. ಇಬ್ಬರೂ ಹೇಳಿದ್ದು ನಿಜವೇ. ಒಬ್ಬನ ನಿಜಕ್ಕೆ ಸ್ಕೋರು ಬದಲಾಯಿಸುವ ಶಕ್ತಿ ಇನ್ನೂ ಇತ್ತು, ಇನ್ನೊಬ್ಬನದಕ್ಕೆ ಇರಲಿಲ್ಲ.

ಹಾಗಂತ ಕ್ಲೋಸನಿಗೆ ಪೀಠ ಕಟ್ಟುವ ಆತುರವೂ ನನಗಿಲ್ಲ. ಅವನೆದುರು ಇದ್ದದ್ದು ಲೀಗ್ ಪಂದ್ಯ, ಆಡಲು ಇನ್ನೂ ಎಂಬತ್ತಕ್ಕೂ ಹೆಚ್ಚು ನಿಮಿಷ. ಹೆನ್ರಿಯ ಮುಂದೆ ಇಡೀ ದೇಶದ ವಿಶ್ವಕಪ್ಪೇ ಇತ್ತು. ಅದೇ ಒತ್ತಡದಲ್ಲಿ ಕ್ಲೋಸ ಏನು ಮಾಡುತ್ತಿದ್ದನೋ! ಒಂದು ಸಾಕ್ಷಿ ಮಾತ್ರ ಅವನ ಪರವಾಗಿದೆ: 2005ರಲ್ಲಿ, ವೆರ್ಡರ್ ಬ್ರೆಮೆನ್‌ಗೆ ಆಡುವಾಗ, ತನಗೆ ಸಿಕ್ಕ ಪೆನಾಲ್ಟಿಯನ್ನೂ ಅದು ಫೌಲ್ ಅಲ್ಲವೆಂದು ಹೇಳಿ ಬೇಡವೆಂದಿದ್ದ. ಒಮ್ಮೆಯಾದರೆ ಆ ಕ್ಷಣದ ಉಮೇದು ಅನ್ನಬಹುದಿತ್ತು.

ಈಗ ವಿಎಆರ್ ಬಂದಿದೆ. ನೇಪಲ್ಸಿನ ಗೋಲನ್ನು ಇಂದು ಪರದೆಯೇ ರದ್ದು ಮಾಡುತ್ತಿತ್ತು. ಐರ್ಲೆಂಡಿಗೂ ಆ ಅನ್ಯಾಯ ಆಗುತ್ತಿರಲಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಗೋಲು ಹೊಡೆದವನೂ ಈಗ ಎಲ್ಲರ ಜೊತೆ ಪರದೆಯತ್ತ ನೋಡುತ್ತ ನಿಂತಿರುತ್ತಾನೆ, ಚೆಂಡು ತನ್ನ ಕೈಗೆ ತಾಗಿತ್ತೋ ಇಲ್ಲವೋ ಎಂಬುದು ತನಗೂ ಅಲ್ಲಿಂದಲೇ ತಿಳಿಯಬೇಕು ಎನ್ನುವಂತೆ.