ಹೊರಗಿರುವವರ ದಿನಗಳು, ಒಳಗಿರುವವರ ಕರ್ತವ್ಯ



2020ರ ಮೇ 10ರಂದು ನೌಕಾಪಡೆಯ ‘ಜಲಾಶ್ವ’ ಹಡಗು ಮಾಲ್ದೀವ್ಸ್‌ನಿಂದ 698 ಮಂದಿಯನ್ನು ಕರೆದುಕೊಂಡು ಕೊಚ್ಚಿಗೆ ಬಂತು. ಅವರಲ್ಲಿ ಬಸುರಿಯರೂ ಇದ್ದರು. ದೇಶದ ನೆಲಕ್ಕೆ ಕಾಲಿಟ್ಟರೂ ಮನೆಮಂದಿಯ ಜೊತೆ ಕೂಡಲೇ ಬೆರೆಯುವಂತಿರಲಿಲ್ಲ, ಮೊದಲು ಕ್ವಾರಂಟೈನ್. ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಕೋಣೆಯೊಳಗೆ ದಿನ ಎಣಿಸಬೇಕು. ಕೊಲ್ಲಿಯಿಂದ ಮಕ್ಕಳು ಮರಳಿದ ನಮ್ಮ ಗಡಿನಾಡಿನ ಮನೆಗಳಿಗೂ ಆ ದಿನಗಳು ನೆನಪಿವೆ. ರೋಗವೇ ಕಾಣದವನನ್ನು ಅವನ ಮನೆಯವರಿಂದ ದೂರವಿಡುವುದು ನ್ಯಾಯವೇ?

ಈ ಕಟ್ಟಳೆ ಹಳೆಯದು. ಪ್ಲೇಗು ಇದ್ದ ಊರುಗಳಿಂದ ಬಂದವರು ಒಂದು ತಿಂಗಳು ಹೊರಗಿದ್ದು ಆಮೇಲೆ ಒಳಬರಬೇಕೆಂದು ಆಡ್ರಿಯಾಟಿಕ್ ಕಡಲ ತೀರದ ರಗೂಸಾ ನಗರ 1377ರಲ್ಲೇ ವಿಧಿಸಿತು. ಮುಂದೆ ಅದು ನಲವತ್ತು ದಿನವಾಯಿತು. ನಲವತ್ತು ಎಂಬರ್ಥದ ಇಟಲಿಯ ಮಾತಿನಿಂದಲೇ ‘ಕ್ವಾರಂಟೈನ್’ ಎಂಬ ಹೆಸರು ಬಂತು. ತಪಸ್ಸುಕಾಲ ಆಚರಿಸುವ ನಮಗೆ ಆ ಸಂಖ್ಯೆ ಹೊಸದಲ್ಲ. ನಲವತ್ತು ದಿನಗಳಿಗೆ ಒಂದು ಕೊನೆಯಿದೆ. ಅದರಾಚೆ ಪಾಸ್ಖ ಹಬ್ಬವಿದೆ.

ತನ್ನೊಳಗೆ ರೋಗವಿದೆಯೇ ಇಲ್ಲವೇ ಎಂಬುದು ಬಂದವನಿಗೂ ತಿಳಿಯದು. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ಪಕ್ಕದ ಮನೆಯಲ್ಲಿ ಹಸುಗೂಸಿದೆ. ತಿಳಿಯದಿರುವಾಗ ಅವರ ಜೀವವನ್ನು ಪಣಕ್ಕಿಡದೆ ತಾನೇ ಕೆಲವು ದಿನ ಕಾಯುವುದು ನೆರೆಯವರ ಮೇಲಿನ ಪ್ರೀತಿಯೇ. ಅದನ್ನು ಶಿಕ್ಷೆ ಎನ್ನಬೇಕಾಗಿಲ್ಲ.

ಆದರೆ ಇದು ಅರ್ಧ ಉತ್ತರ ಮಾತ್ರ. ಸಂಖ್ಯಾಕಾಂಡದ ಹನ್ನೆರಡನೆಯ ಅಧ್ಯಾಯವನ್ನು ತೆರೆದು ನೋಡಿ. ಮೋಶೆಯ ವಿರುದ್ಧ ಮಾತಾಡಿದ ಮಿರ್ಯಾಮಳಿಗೆ ಚರ್ಮರೋಗ ತಗಲುತ್ತದೆ; ಏಳು ದಿನ ಅವಳನ್ನು ಪಾಳೆಯದ ಹೊರಗಿಡುತ್ತಾರೆ. ಆ ಏಳು ದಿನ ಜನರು ಏನು ಮಾಡಿದರು? ಅವಳು ಮರಳಿ ಬರುವ ತನಕ ಪ್ರಯಾಣ ಮುಂದುವರಿಸಲಿಲ್ಲ. ವಾಗ್ದತ್ತ ನಾಡಿಗೆ ಹೊರಟಿದ್ದ ಅಷ್ಟು ದೊಡ್ಡ ಸಮೂಹ ಒಬ್ಬ ಹೆಂಗಸಿಗಾಗಿ ನಿಂತಿತು. ತಪ್ಪು ಮಾಡಿದವಳಿಗಾಗಿಯೇ ಹೀಗೆ ಕಾದರೆಂದ ಮೇಲೆ, ತಪ್ಪೇ ಇಲ್ಲದೆ ದೂರದಿಂದ ಬಂದವನಿಗಾಗಿ ನಾವೆಷ್ಟು ಕಾಯಬೇಕು?

ಹೊರಗಿರುವವನು ನಮಗಾಗಿ ದಿನ ಎಣಿಸುತ್ತಾನೆ. ಒಳಗಿರುವ ನಾವು ಅವನಿಗಾಗಿ ಎಣಿಸಬೇಕು. ಎರಡೂ ಕೂಡಿದರೆ ಮಾತ್ರ ಅದು ನ್ಯಾಯ. ಇಲ್ಲವಾದರೆ ಒಬ್ಬನನ್ನು ಕೈಬಿಟ್ಟ ಹಾಗೆ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಈ ವ್ಯತ್ಯಾಸವನ್ನು ನಾವು ಕಣ್ಣಾರೆ ಕಂಡೆವು. ಅಲ್ಲಿ ಇಷ್ಟು ದಿನ ಕಾಯಿರಿ ಎಂಬ ಮಾತಿರಲಿಲ್ಲ, ದಾರಿಯೇ ಇರಲಿಲ್ಲ. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯವರು ಪ್ರಾಣ ಬಿಟ್ಟರು. ರೋಗದ ಭಯ ಸುಳ್ಳಲ್ಲ. ಆದರೆ ಭಯ ಗೋಡೆ ಕಟ್ಟುತ್ತದೆ, ಪ್ರೀತಿ ಬಾಗಿಲಿಟ್ಟು ದಿನ ಗೊತ್ತುಮಾಡುತ್ತದೆ.

ಬಾಗಿಲು ತೆರೆಯಲು ನಮ್ಮ ಕೈಯಲ್ಲಿ ಆಗದಿದ್ದರೆ? 1873ರಲ್ಲಿ ಮೊಲೊಕೈ ದ್ವೀಪದ ಕುಷ್ಠರೋಗಿಗಳ ನಡುವೆ ಇದ್ದ ಸಂತ ದಾಮಿಯನರಿಗೆ ಹಡಗು ಹತ್ತಲು ಬಿಡಲಿಲ್ಲ. ಹಡಗಿನಲ್ಲಿ ಬಂದಿದ್ದ ಅವರ ಸಭೆಯ ಹಿರಿಯ ಗುರುಗಳಿಗೆ ಕೆಳಗಿಳಿಯಲು ಬಿಡಲಿಲ್ಲ. ದಾಮಿಯನರು ದೋಣಿಯಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, ಕೂಗಿ ಪಾಪನಿವೇದನೆ ಮಾಡಿದರು. ಕಟ್ಟಳೆ ಮುರಿಯಲಿಲ್ಲ, ಸಂಬಂಧವೂ ಕಡಿಯಲಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ಕೊಂಕಣಿ, ಕನ್ನಡ, ಮಲಯಾಳಂ, ತುಳು ಆಡುವ ಮನೆಗಳಿವೆ. ಮುಂದೆಯೂ ರೋಗಗಳು ಬಂದಾವು, ಗಡಿ ದಾಟಿದವರು ಮರಳಿಯಾರು. ಆಗ ಬಾಗಿಲಲ್ಲಿ ಗಂಜಿಯ ಪಾತ್ರೆ ಇಟ್ಟು ಬರುವವರು ಯಾರು? ಒಂದೇ ಕೋಣೆಯ ಮನೆಯವನಿಗೆ ಬೇರೆ ಜಾಗ ಕೊಡುವವರು ಯಾರು? ಕಾಯುವ ದಿನಗಳು ಮುಗಿದ ಮೇಲೂ “ಅವನ ಹತ್ತಿರ ಹೋಗಬೇಡಿ” ಎನ್ನುವ ಬಾಯಿಯನ್ನು ತಡೆಯುವವರು ಯಾರು? ಕಾದವನು ತನ್ನ ಪಾಲನ್ನು ಮಾಡಿಯಾಗಿದೆ. ಎಂಟನೆಯ ದಿನ ಮಿರ್ಯಾಮಳ ಜೊತೆಯಲ್ಲೇ ಜನ ಹೆಜ್ಜೆ ಹಾಕಿದರು. ನಾವೂ ಹಾಗೆಯೇ ಬಲಿಪೂಜೆಯಲ್ಲಿ ಅವನಿಗೆ ನಮ್ಮ ಬೆಂಚಿನಲ್ಲೇ ಜಾಗ ಬಿಡೋಣ.